ಹಕ್ಕಿಯ ಗೂಡಿಗೊಂದು ಕಿಟಕಿ

ಮೊನ್ನೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಹೆಸರು ಬೇಡ. ಎಂಟನೆಯ ಇಯತ್ತೆಯಲ್ಲಿ ಕಿಟಕಿಯ ಪಕ್ಕ ಕುಳಿತು, ಪಾಠಕ್ಕಿಂತ ಹೊರಗಿನ ಗುಬ್ಬಿಗಳನ್ನೇ ಹೆಚ್ಚು ನೋಡುತ್ತಿದ್ದವನು ಎಂದರೆ ಅವನ ಸಹಪಾಠಿಗಳಿಗೆ ಗುರುತು ಸಿಕ್ಕೀತು. ಖಾನಾಪುರದ ಕಾಡಂಚಿನಲ್ಲಿ ಅವರದೊಂದು ಮಾಲ್ಕಿ ಜಮೀನಿದೆ. ಅಲ್ಲಿನ ಹಳೆಯ ಮರವೊಂದರ ಪೊಟರೆಯಲ್ಲಿ ಪ್ರತಿವರ್ಷ ಮಂಗಟ್ಟೆ ಹಕ್ಕಿ, ಅಂದರೆ ನಮ್ಮ ಮರಾಠಿ ಬಂಧುಗಳು ಧನೇಶ ಎನ್ನುವ ಪಕ್ಷಿ, ಗೂಡು ಮಾಡುತ್ತದಂತೆ. “ಸರ್, ವಿದೇಶದಾಗ ಹಾಕ್ತಾರಲ್ರೀ, ಹಂಗ ಒಂದು ಕ್ಯಾಮೆರಾ ಹಾಕಿ ಇಪ್ಪತ್ನಾಲ್ಕು ತಾಸೂ ಎಲ್ಲಾರಿಗೂ ತೋರಸೂಣು ಅಂತ ಮಾಡೀನಿ. ನೀವೇನಂತೀರಿ?” ಎಂದು ಕೇಳಿದ.

ನಾನು ಕೂಡಲೇ ಉತ್ತರಿಸಲಿಲ್ಲ. ಬರೆದು ತಿಳಿಸುತ್ತೇನೆ ಎಂದೆ. ಕಾರಣ, ಈ ವಿಷಯದಲ್ಲಿ ನನಗೊಂದು ಹಳೆಯ ಋಣವಿದೆ.

2010ರ ಬೇಸಿಗೆಯಲ್ಲಿ ನನ್ನ ಮನೆಯವರು ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು. ವಾರಕ್ಕೆರಡು ಸಲ ಬೆಳಗಾವಿಯ ಆಸ್ಪತ್ರೆ, ಉಳಿದ ದಿನ ನಂದಗಡದ ಮನೆಯ ನಡುಕೋಣೆ. ಹೊತ್ತು ಹೋಗಲೆಂದು ವಿದೇಶದಲ್ಲಿದ್ದ ನನ್ನ ತಂಗಿಯ ಮಗ ಒಂದು ವಿಳಾಸ ಕಳುಹಿಸಿಕೊಟ್ಟ. ಸ್ಕಾಟ್ಲೆಂಡಿನ ಡಂಕೆಲ್ಡ್ ಎಂಬ ಊರಿನ ಸಮೀಪ ಲಾಕ್ ಆಫ್ ದಿ ಲೋಸ್ ಎಂಬ ಸರೋವರ. ಅದರ ದಂಡೆಯ ಮರದ ತುದಿಯಲ್ಲಿ ಆಸ್‌ಪ್ರೇ ಎಂಬ, ಮೀನು ಹಿಡಿದು ಬದುಕುವ ಗಿಡುಗದ ಗೂಡು. ಗೂಡಿನ ಮೇಲೊಂದು ಕ್ಯಾಮೆರಾ. ಅಲ್ಲಿ ನಡೆಯುವುದೆಲ್ಲ ನಮ್ಮ ಮೇಜಿನ ಮೇಲಿನ ಗಣಕಯಂತ್ರದಲ್ಲಿ!

ಅಂದಿನ ಬ್ರಾಡ್‌ಬ್ಯಾಂಡಿನ ವೇಗ ನಿಮಗೆ ನೆನಪಿರಬಹುದು. ಎರಡು ನಿಮಿಷ ಚಿತ್ರ, ಮೂರು ನಿಮಿಷ ತಿರುಗುವ ಚಕ್ರ. ಜೂನ್ ತಿಂಗಳಲ್ಲಿ ನಮ್ಮ ಕಡೆಯ ಮಳೆ ಹಿಡಿದರೆ ವಿದ್ಯುತ್ತೇ ಇರುತ್ತಿರಲಿಲ್ಲ. ಆದರೂ ನಾವು ಬಿಡಲಿಲ್ಲ. ನಮ್ಮ ಗಡಿಯಾರದಲ್ಲಿ ಒಂಬತ್ತಾಗುವ ಹೊತ್ತಿಗೆ ಅಲ್ಲಿ ಸೂರ್ಯೋದಯ. ನನ್ನ ಮನೆಯವರು ಔಷಧ ತೆಗೆದುಕೊಂಡು, ದಿಂಬಿಗೊರಗಿ, “ಹಚ್ರೀ, ಅಜ್ಜಿ ಎದ್ದಿರತಾಳ” ಎನ್ನುತ್ತಿದ್ದರು.

ಅಜ್ಜಿ ಎಂದದ್ದು ಸುಮ್ಮನಲ್ಲ. ಅಲ್ಲಿನವರು ಲೇಡಿ ಎಂದು ಕರೆಯುತ್ತಿದ್ದ ಆ ಹೆಣ್ಣುಹಕ್ಕಿಗೆ ಆಗ ಇಪ್ಪತ್ತೈದು ವರ್ಷವಾಗಿರಬೇಕೆಂಬ ಅಂದಾಜಿತ್ತು. ಸಾಮಾನ್ಯ ಆಸ್‌ಪ್ರೇಯ ಆಯುಷ್ಯದ ಸುಮಾರು ಮೂರು ಪಟ್ಟು. ಪ್ರತಿವರ್ಷ ಚಳಿಗಾಲವನ್ನು ಆಫ್ರಿಕದಲ್ಲಿ ಕಳೆದು, ವಸಂತದಲ್ಲಿ ಅದೇ ಗೂಡಿಗೆ ಮರಳುತ್ತಿದ್ದಳು. ಈ ಹಕ್ಕಿಗಳ ಸಂಸಾರವೇ ವಿಚಿತ್ರ. ಗಂಡು ಹೆಣ್ಣು ಒಟ್ಟಿಗೆ ಪ್ರಯಾಣ ಮಾಡುವುದಿಲ್ಲ. ಚಳಿಗಾಲದಲ್ಲಿ ಬೇರೆ ಬೇರೆ ಇದ್ದು ಗೂಡಿನಲ್ಲಿ ಕೂಡುತ್ತವೆ. ಸಾಮಾನ್ಯವಾಗಿ ಮೂರು ಮೊಟ್ಟೆ, ಸುಮಾರು ಮೂವತ್ತೇಳು ದಿನ ಕಾವು, ಮರಿಗೆ ರೆಕ್ಕೆ ಬಲಿಯಲು ಮತ್ತೆ ಏಳೆಂಟು ವಾರ. ಆಮೇಲೆ ತಾಯಿ ಮೊದಲು ಹೊರಟುಬಿಡುತ್ತಾಳೆ. ತಂದೆ ಇನ್ನೂ ಕೆಲದಿನ ಮೀನು ತಂದುಕೊಡುತ್ತಾನೆ. ಕೊನೆಗೆ ಮರಿ, ಯಾರೂ ದಾರಿ ತೋರಿಸದೆ, ಒಂಟಿಯಾಗಿ ಸಾವಿರಾರು ಮೈಲಿ ಹಾರಿ ಆಫ್ರಿಕ ಸೇರುತ್ತದೆ. ನಾಲ್ಕು ದಶಕ ಪಾಠ ಹೇಳಿದ ನನ್ನಂಥವನಿಗೆ ಇದು ಸ್ವಲ್ಪ ಅವಮಾನದ ಸಂಗತಿಯೇ ಸರಿ.

ಆ ಜೂನ್ ತಿಂಗಳಲ್ಲಿ ಲೇಡಿ ಕಾಯಿಲೆ ಬಿದ್ದಳು. ಗೂಡಿನಲ್ಲಿ ಮರಿ ಇರುವಾಗಲೇ ತಾಯಿ ನಿತ್ರಾಣಳಾಗಿ, ಕಣ್ಣು ಮುಚ್ಚಿ, ತಲೆ ಕೆಳಗೆ ಹಾಕಿ ಮಲಗಿಬಿಟ್ಟಳು. ಜಗತ್ತಿನ ಎಲ್ಲೆಲ್ಲಿಂದಲೋ ಸಾವಿರಾರು ಜನ ನೋಡುತ್ತಿದ್ದರು. ಗೂಡನ್ನು ನೋಡಿಕೊಳ್ಳುತ್ತಿದ್ದ ಸ್ಕಾಟಿಷ್ ವೈಲ್ಡ್‌ಲೈಫ್ ಟ್ರಸ್ಟಿನವರು ಮಾತ್ರ ಮರ ಹತ್ತಲಿಲ್ಲ. ನನ್ನ ಮನೆಯವರಿಗೆ ಇದು ಅರ್ಥವಾಗಲೇ ಇಲ್ಲ.

“ಅಲ್ರೀ, ಅಷ್ಟು ಮಂದಿ ನೋಡಾಕತ್ತಾರ. ಯಾರರ ಒಬ್ಬರು ಹೋಗಿ ಒಂದು ಗುಟುಕು ನೀರು ಹಾಕಬಾರದ?”

ನಾನು ಪಾಠಕ್ಕೆ ಇಳಿದೆ. ಅದು ಕಾಡುಹಕ್ಕಿ, ಮನುಷ್ಯ ಮರ ಹತ್ತಿದರೆ ಬೆದರಿ ಗಂಡೂ ಗೂಡು ತೊರೆದೀತು, ಮರಿಯೂ ಸತ್ತೀತು, ಹಿಡಿದು ಚಿಕಿತ್ಸೆ ಮಾಡುವ ಗಾಬರಿಯಲ್ಲೇ ಪ್ರಾಣ ಹೋದೀತು, ನಿಸರ್ಗದ ವ್ಯಾಪಾರದಲ್ಲಿ ನಾವು ಕೈಹಾಕಬಾರದು ಎಂದೆಲ್ಲ ವಿವರಿಸಿದೆ. ಅವರು ಕೇಳಿಸಿಕೊಂಡು, ತಮ್ಮ ಕೈಗೆ ಚುಚ್ಚಿದ್ದ ಸೂಜಿಯ ಗಾಯ ನೋಡಿಕೊಂಡು, “ನನಗ್ಯಾಕ ಕೈಹಾಕ್ತೀರಿ ಹಂಗಾರ?” ಎಂದರು. ನಗುತ್ತಲೇ ಅಂದದ್ದು. ನನ್ನ ಬಳಿ ಉತ್ತರವಿರಲಿಲ್ಲ.

ಕೆಲವು ದಿನಗಳಾದ ಮೇಲೆ, ತಿಳಿದವರೆಲ್ಲ ಆಸೆ ಬಿಟ್ಟಿದ್ದ ಹೊತ್ತಿನಲ್ಲಿ, ಲೇಡಿ ಎದ್ದು ಮೀನು ತಿಂದಳು. ನಮ್ಮ ಮನೆಯಲ್ಲಿ ಅಂದು ಶಿರಾ ಮಾಡಿದೆವು. ಮುಂದೆ 2012ರಲ್ಲಿ ನನ್ನ ಮನೆಯವರು ತೀರಿಕೊಂಡರು. ಆ ಹಕ್ಕಿ 2013ರಲ್ಲೂ ಬಂತು, 2014ರಲ್ಲೂ ಬಂತು. ನಿಜ ಹೇಳುತ್ತೇನೆ, ಬಂದಾಗ ಸಂತೋಷದ ಜೊತೆಗೆ ಅದರ ಮೇಲೆ ನನಗೆ ಸಿಟ್ಟೂ ಬರುತ್ತಿತ್ತು. ಒಟ್ಟು ಐವತ್ತು ಮರಿಗಳನ್ನು ಹಾರಿಸಿದ ಆ ಮುದುಕಿ 2015ರಲ್ಲಿ ಬರಲಿಲ್ಲ. ಗೂಡಿಗೆ ಬೇರೊಂದು ಹೆಣ್ಣು ಬಂತು. ಆಮೇಲೆ ನಾನು ಹೆಚ್ಚು ನೋಡಿಲ್ಲ.

ಇಷ್ಟು ವರ್ಷ ಆ ಪ್ರಶ್ನೆಯನ್ನು ಮಗುಚಿ ಮಗುಚಿ ನೋಡಿ ನಾನು ತಲುಪಿರುವ ಅಭಿಪ್ರಾಯವಿದು. ಅಂದು ಮರ ಹತ್ತದಿದ್ದದ್ದು ಸರಿ. ಆದರೆ ನಾನು ಕೊಟ್ಟ ಕಾರಣ ತಪ್ಪು. ನಾವು ನಿಸರ್ಗದಲ್ಲಿ ಕೈಹಾಕುವುದಿಲ್ಲ ಎಂಬುದೇ ಸುಳ್ಳು. ಸ್ಕಾಟ್ಲೆಂಡಿನಲ್ಲಿ ಈ ಹಕ್ಕಿ ಬೇಟೆಗಾರರಿಂದಲೂ ಮೊಟ್ಟೆ ಸಂಗ್ರಹಿಸುವ ಶೋಕಿಯವರಿಂದಲೂ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಿರ್ವಂಶವಾಗಿತ್ತು. 1954ರಲ್ಲಿ ಲಾಕ್ ಗಾರ್ಟನ್ ಎಂಬಲ್ಲಿಗೆ ತಾನಾಗಿ ಮರಳಿತು. 1958ರಲ್ಲಿ ಕಳ್ಳನೊಬ್ಬ ಕಾವಲಿನ ನಡುವೆಯೇ ರಾತ್ರಿ ಮರ ಹತ್ತಿ ಮೊಟ್ಟೆ ಕದ್ದ. ಮರುವರ್ಷ ಅಲ್ಲಿನ ಪಕ್ಷಿ ಸಂರಕ್ಷಣಾ ಸಂಸ್ಥೆಯವರು ಗುಟ್ಟನ್ನು ಬಿಟ್ಟು, ಕಾವಲು ಬಿಗಿಗೊಳಿಸಿ, ದೂರದಿಂದ ದುರ್ಬೀನಿನಲ್ಲಿ ನೋಡಲು ಸಾರ್ವಜನಿಕರನ್ನೇ ಕರೆದರು. ಆ ಒಂದು ಬೇಸಿಗೆಯಲ್ಲಿ ಸುಮಾರು ಹದಿನಾಲ್ಕು ಸಾವಿರ ಜನ ಬಂದರು. ಮೂರು ಮರಿಗಳು ಹಾರಿದವು. ಜನರ ಕಣ್ಣೇ ಕಾವಲಾಯಿತು. ಇಂದಿನ ಕ್ಯಾಮೆರಾಗಳ ತಾಯಿಬೇರು ಅಲ್ಲಿದೆ.

ಮನುಷ್ಯ ಮಾಡಿದ ಕೇಡನ್ನು ಮನುಷ್ಯ ತಡೆಯಲೇಬೇಕು. ಬಲೆಗೆ ಸಿಕ್ಕ, ಗಾಳಿಪಟದ ಮಾಂಜಾ ಸುತ್ತಿಕೊಂಡ ಹಕ್ಕಿಯನ್ನು ನೋಡುತ್ತ ಕೂರುವವನು ನಿಸರ್ಗಪ್ರೇಮಿಯಲ್ಲ. ಮುಪ್ಪು, ರೋಗ, ಬಿರುಗಾಳಿ ಇವು ಹಕ್ಕಿಯ ಪಾಲಿನವು. ಅವುಗಳಿಂದ ಬಿಡಿಸಲು ಹೋದರೆ ನಾವು ಬಿಡಿಸುವುದು ನಮ್ಮ ಸಂಕಟವನ್ನೇ ಹೊರತು ಹಕ್ಕಿಯದನ್ನಲ್ಲ.

ಈಗ ಮಂಗಟ್ಟೆಯ ಮಾತು. ಪಶ್ಚಿಮ ಘಟ್ಟದ ನಾಲ್ಕೂ ಬಗೆಯ ಮಂಗಟ್ಟೆಗಳು ನಮ್ಮ ನೆರೆಯ ದಾಂಡೇಲಿಯ ಕಾಡಿನಲ್ಲಿವೆ. ಆಸ್‌ಪ್ರೇಯ ಗೂಡು ಆಕಾಶಕ್ಕೆ ತೆರೆದದ್ದು, ಮಂಗಟ್ಟೆಯದು ಸೆರೆಮನೆ. ಹೆಣ್ಣು ಪೊಟರೆಯೊಳಗೆ ಕುಳಿತು, ಬಾಯನ್ನು ತನ್ನ ಹಿಕ್ಕೆಯಿಂದಲೇ ಮೆತ್ತಿ, ಕೊಕ್ಕು ಹೊರಬರುವಷ್ಟೇ ಸೀಳು ಉಳಿಸಿಕೊಳ್ಳುತ್ತದೆ. ಒಳಗಿದ್ದಾಗ ಅದರ ರೆಕ್ಕೆಯ ಗರಿಗಳೂ ಉದುರುತ್ತವೆ. ಹೊರಗಿನ ಗಂಡು ತರುವ ಹಣ್ಣೇ ತಾಯಿಮಕ್ಕಳ ಪ್ರಾಣ. ಮರದ ಕೆಳಗೆ ಫಿರಂಗಿಯಂಥ ಲೆನ್ಸು ಹಿಡಿದು ಹತ್ತು ಜನ ನಿಂತರೆ ಗಂಡು ಹತ್ತಿರ ಬರಲು ಹಿಂಜರಿಯುತ್ತದೆ. ಲಾಕ್ ಗಾರ್ಟನ್ನಿನಲ್ಲಿ ರಕ್ಷಣೆಯಾದ ಜನರ ಕಣ್ಣು ಇಲ್ಲಿ ಉಪವಾಸಕ್ಕೆ ಕಾರಣವಾದೀತು. ದುರ್ಬೀನಿನ ಮುಂದೆ ಸರದಿಯಲ್ಲಿ ನಿಲ್ಲುವ ಶಿಸ್ತು ನಮ್ಮವರಲ್ಲಿ ಎಷ್ಟಿದೆ ಎಂಬುದನ್ನು ಖಾನಾಪುರದ ಬಸ್ಸು ಹತ್ತಿದ ಯಾರಾದರೂ ಹೇಳಬಲ್ಲರು.

ಆದ್ದರಿಂದ, ಮಗೂ, ನಿನಗೆ ನನ್ನ ಮಾತು ಹೀಗಿದೆ. ಜಮೀನು ನಿಮ್ಮದಾದರೂ ಹಕ್ಕಿ ನಿಮ್ಮದಲ್ಲ. ಮೊದಲು ಅರಣ್ಯ ಇಲಾಖೆಯವರನ್ನು ಕೇಳು. ಅವರು ಬೇಡವೆಂದರೆ ಅಲ್ಲಿಗೆ ಮುಗಿಯಿತು. ಹ್ಞೂಂ ಎಂದರೆ, ಹಕ್ಕಿ ಗೂಡು ಸೇರುವುದಕ್ಕೆ ಬಹಳ ಮೊದಲೇ, ಮಳೆ ನಿಂತ ಮೇಲೆ, ಪಕ್ಕದ ಮರಕ್ಕೆ ಒಂದೇ ಒಂದು ಕ್ಯಾಮೆರಾ ಕಟ್ಟು. ಕಟ್ಟಿದ ಮೇಲೆ ಹಣ್ಣು ಬಿಟ್ಟು ಮರಿ ಹಾರುವ ತನಕ ಯಾವ ಕಾರಣಕ್ಕೂ, ತಂತಿ ಕಡಿದರೂ, ಅತ್ತ ಹೋಗಬೇಡ. ಊರ ಹೆಸರು, ಹೊಲದ ಗುರುತು ಯಾರಿಗೂ ಹೇಳಬೇಡ. ನಿನ್ನ ಕ್ಯಾಮೆರಾ ಗೆಳೆಯರಿಗಂತೂ ಮೊದಲೇ ಬೇಡ. ಕಾವಲಿಗೆ ಅಲ್ಲಿಯ ದನಗಾಹಿ ಹುಡುಗರನ್ನು ಗೊತ್ತುಮಾಡಿ ಸಂಬಳ ಕೊಡು. ಅರುಣಾಚಲದ ಪಕ್ಕೆ ಕಾಡಿನಲ್ಲಿ ನಿಶಿ ಜನಾಂಗದವರು, ಒಂದು ಕಾಲದಲ್ಲಿ ಮಂಗಟ್ಟೆಯನ್ನು ಬೇಟೆಯಾಡುತ್ತಿದ್ದವರೇ, ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಗೂಡುಗಳನ್ನು ಕಾಯುತ್ತಿದ್ದಾರೆ. ಪೇಟೆಯ ಜನ ಗೂಡನ್ನು ದತ್ತು ತೆಗೆದುಕೊಂಡು ಅದರ ವೆಚ್ಚ ಭರಿಸುತ್ತಾರೆ.

ಇನ್ನೊಂದು. ಒಂದು ದಿನ ಗಂಡು ಬಾರದೆ ಹೋದೀತು. ಪೊಟರೆಯ ಸೀಳಿನಿಂದ ಖಾಲಿ ಕೊಕ್ಕು ಮಾತ್ರ ಕಂಡೀತು. ನೋಡುವವರು ನಿನಗೆ ಬೈದು ಬರೆಯುತ್ತಾರೆ. ಅಂದು ಕ್ಯಾಮೆರಾ ಆರಿಸಬೇಡ. ಗಂಡು ಯಾಕೆ ಬರಲಿಲ್ಲ ಎಂದು ಮೊದಲು ಕಾವಲಿನ ಹುಡುಗರನ್ನು ಕೇಳು. ಯಾರಾದರೂ ಕವಣೆ ಬೀಸಿದ್ದರೆ ಇಲಾಖೆಯವರನ್ನು ಕರೆದು ಏಣಿ ಹಾಕಿಸು. ಹಾಗಲ್ಲದಿದ್ದರೆ ಸುಮ್ಮನಿರು. ಆ ಸುಮ್ಮನಿರುವಿಕೆ ಎಷ್ಟು ಕಷ್ಟವೆಂದು ನನಗೆ ಗೊತ್ತಿದೆ, ಬೇಕಾದರೆ ಆ ದಿನ ನನಗೆ ಫೋನು ಮಾಡು.

ಮರ ಯಾವ ಜಾತಿಯದು ಎಂದು ಕೇಳುವುದು ಮರೆತೆ. ಮಳೆಗಾಲ ಮುಗಿದ ಮೇಲೆ, ಗೂಡು ಖಾಲಿ ಇರುವಾಗಲೇ ಒಮ್ಮೆ ಬಂದು ನೋಡಬೇಕೆಂದಿದ್ದೇನೆ, ಮೊಣಕಾಲು ಒಪ್ಪಿದರೆ.