ಬೆಂಗಳೂರಿನ ಕುರ್ಚಿಯಲ್ಲಿ ಕೂರುವವರು ಯಾರು?

ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಧ್ಯಕ್ಷರೂ ಆಗಿರುವ ಮಾನ್ಯ ಮುಖ್ಯಮಂತ್ರಿಗಳಿಗೆ,



2005ರ ಅಕ್ಟೋಬರಿನಲ್ಲಿ ಲಂಡನ್ ಮೇಯರ್ ಕೆನ್ ಲಿವಿಂಗ್‌ಸ್ಟನ್ 18 ಮಹಾನಗರಗಳವರನ್ನು ತಮ್ಮ ಊರಿಗೆ ಕರೆಸಿಕೊಂಡರು. ಹವಾಮಾನದ ವಿಷಯದಲ್ಲಿ ದೇಶದೇಶಗಳ ಸರ್ಕಾರಗಳು ಮಾತುಕತೆಯಲ್ಲೇ ವರ್ಷಗಳನ್ನು ಕಳೆಯುತ್ತಿದ್ದವು. ಕಸ, ಚರಂಡಿ, ಬೀದಿದೀಪ, ಬಸ್ಸು ಇವೆಲ್ಲ ಊರಿನ ಮಟ್ಟದ ಕೆಲಸಗಳು, ನಾವೇ ಕೂಡಿ ಯಾಕೆ ಶುರುಮಾಡಬಾರದು ಎಂಬುದು ಆ ಸಭೆಯ ಹಿಂದಿನ ಯೋಚನೆ. ಮರುವರ್ಷ ಸದಸ್ಯ ನಗರಗಳು 40 ಆದವು, ಕೂಟಕ್ಕೆ ‘ಸಿ40’ ಎಂಬ ಹೆಸರು ನಿಂತಿತು. ಈಗ ಅದರಲ್ಲಿ ನೂರರ ಹತ್ತಿರ ನಗರಗಳಿವೆ. ಬೆಂಗಳೂರೂ ಅವುಗಳಲ್ಲೊಂದು. ಈ ಪತ್ರ ಬರೆಯುತ್ತಿರುವುದು ಆ ಸದಸ್ಯತ್ವದ ಬಗ್ಗೆ.

ಸಿ40 ಮೇಯರ್‌ಗಳ ಕೂಟ. ಲಿವಿಂಗ್‌ಸ್ಟನ್ ನಂತರ ಅದರ ಅಧ್ಯಕ್ಷರಾದವರು ಟೊರಾಂಟೊ, ನ್ಯೂಯಾರ್ಕ್, ರಿಯೊ ಡಿ ಜನೈರೊ, ಪ್ಯಾರಿಸ್, ಲಾಸ್ ಏಂಜಲೀಸ್‌ಗಳ ಮೇಯರ್‌ಗಳು. 2021ರಲ್ಲಿ ಲಂಡನ್ನಿನ ಸಾದಿಕ್ ಖಾನ್ ಆ ಸ್ಥಾನಕ್ಕೆ ಬಂದರು. ಮುಂದೆ ಸಿಯೆರಾ ಲಿಯೋನಿನ ಫ್ರೀಟೌನ್ ಮೇಯರ್ ಇವೊನ್ ಅಕಿ-ಸಾಯರ್ ಸಹ ಅಧ್ಯಕ್ಷೆಯಾದರು. ಎಲ್ಲರೂ ತಮ್ಮ ಊರಿನವರ ಮತದಿಂದ ಬಂದವರು. ಆ ಮತ ಏನು ಮಾಡಬಲ್ಲದು ಎಂಬುದು 2017ರ ಜೂನ್ 1ರಂದು ಕಾಣಿಸಿತು. ಅಂದು ಅಧ್ಯಕ್ಷ ಟ್ರಂಪ್, ತಾನು ಆಯ್ಕೆಯಾಗಿರುವುದು ಪಿಟ್ಸ್‌ಬರ್ಗಿನ ಜನರಿಗಾಗಿ, ಪ್ಯಾರಿಸ್ಸಿನವರಿಗಾಗಿ ಅಲ್ಲ ಎನ್ನುತ್ತ ಅಮೆರಿಕ ಪ್ಯಾರಿಸ್ ಹವಾಮಾನ ಒಪ್ಪಂದದಿಂದ ಹೊರಬರುತ್ತದೆಂದು ಸಾರಿದರು. ಪಿಟ್ಸ್‌ಬರ್ಗಿನ ಮೇಯರ್ ಬಿಲ್ ಪೆಡುಟೊ ಸುಮ್ಮನೆ ಕೂರಲಿಲ್ಲ, ನಮ್ಮ ಊರು ಆ ಒಪ್ಪಂದದಂತೆಯೇ ನಡೆಯುತ್ತದೆ ಎಂದು ಅದೇ ದಿನ ಉತ್ತರ ಕೊಟ್ಟರು. ಅಮೆರಿಕದ ನೂರಾರು ಮೇಯರ್‌ಗಳು ಅದೇ ಮಾತಿಗೆ ದನಿಗೂಡಿಸಿದರು. ಹಾಗೆ ಹೇಳುವ ಹಕ್ಕು ಅವರಿಗೆ ಬಂದದ್ದು ತಮ್ಮ ಊರಿನ ಮತಪೆಟ್ಟಿಗೆಯಿಂದ.

ನಮ್ಮ ಊರಿನ ಕಥೆ ನಿಮಗೆ ಗೊತ್ತಿರುವುದೇ. 2015ರಲ್ಲಿ ಆಯ್ಕೆಯಾದ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಅಲ್ಲಿಂದ ಐದು ವರ್ಷಕ್ಕೂ ಹೆಚ್ಚು ಕಾಲ ಬೆಂಗಳೂರು ಮೇಯರ್ ಇಲ್ಲದೆಯೇ ನಡೆಯಿತು. ಜಗತ್ತಿನ ಮೇಯರ್‌ಗಳ ಮೇಜಿನಲ್ಲಿ ನಮಗೊಂದು ಕುರ್ಚಿಯಿತ್ತು, ಕೂರಲು ನಾವು ಆರಿಸಿದವರಿರಲಿಲ್ಲ. ಅಧಿಕಾರಿಗಳು ಕೆಲಸ ಮಾಡಲಿಲ್ಲ ಎಂದು ನಾನು ಹೇಳುತ್ತಿಲ್ಲ, ಅವರಲ್ಲಿ ಬಹಳ ಶ್ರದ್ಧೆಯಿಂದ ದುಡಿದವರಿದ್ದಾರೆ. ಆದರೆ ವರ್ಗಾವಣೆಯ ಆದೇಶ ಬಂದ ದಿನ ಅವರು ಫೈಲು ಒಪ್ಪಿಸಿ ಹೊರಡಬೇಕು. ಕೊಟ್ಟ ಮಾತಿಗೆ ನಮ್ಮ ಬೀದಿಗೆ ಬಂದು ಜವಾಬು ಹೇಳಬೇಕಾದವರು ಬೇರೆಯೇ ಜನ.

2024ರ ಮಾರ್ಚ್ ನೆನಪಿಸಿಕೊಳ್ಳಿ. ಊರಿಗೆ ದಿನಕ್ಕೆ 260 ಕೋಟಿ ಲೀಟರ್ ನೀರು ಬೇಕು, 50 ಕೋಟಿ ಲೀಟರ್ ಕೊರತೆಯಿದೆ ಎಂದು ಸರ್ಕಾರವೇ ಹೇಳಿತು. 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿದ್ದವು. ನಮ್ಮ ಬೀದಿಯಲ್ಲಿ ಬೆಳಗಿನ ಜಾವ ಟ್ಯಾಂಕರ್ ಸದ್ದಾದರೆ ಸಾಕು, ಹಾಸಿಗೆಯಿಂದ ಎದ್ದವರು ಎದ್ದಂತೆಯೇ ಬಿಂದಿಗೆ ಹಿಡಿದು ಓಡುತ್ತಿದ್ದರು. ಅದಕ್ಕೆ ಆರೇ ವರ್ಷ ಹಿಂದೆ ಸಿ40ಯ ಇನ್ನೊಂದು ಸದಸ್ಯ ನಗರ ಕೇಪ್‌ಟೌನ್ ಇಂಥದ್ದೇ ಬಾಯಾರಿಕೆಯನ್ನು ದಾಟಿ ಬಂದಿತ್ತು. ನಲ್ಲಿಗಳು ನಿಲ್ಲುವ ದಿನಕ್ಕೆ ಆ ಊರಿನ ಆಡಳಿತ ‘ಡೇ ಝೀರೋ’ ಎಂದು ಹೆಸರಿಟ್ಟು ಜನರ ಮುಂದಿಟ್ಟಿತು. 2018ರ ಫೆಬ್ರುವರಿಯಿಂದ ಒಬ್ಬರಿಗೆ ದಿನಕ್ಕೆ 50 ಲೀಟರ್ ಎಂಬ ಮಿತಿ ಬಂತು. ಅಣೆಕಟ್ಟುಗಳಲ್ಲಿ ಎಷ್ಟು ನೀರುಳಿದಿದೆ ಎಂಬ ಲೆಕ್ಕ ಎಲ್ಲರಿಗೂ ಸಿಗುತ್ತಿತ್ತು. ಪೈಪುಗಳ ಒತ್ತಡ ಇಳಿಸಿ ಸೋರಿಕೆ ತಗ್ಗಿಸಿದರು. ಮೂರು ವರ್ಷದಲ್ಲಿ ಊರಿನ ನೀರಿನ ಬಳಕೆ ಅರ್ಧಕ್ಕಿಂತ ಕೆಳಗಿಳಿಯಿತು, ಡೇ ಝೀರೋ ಬರಲೇ ಇಲ್ಲ. ನಗರಗಳ ಕೂಟ ಇರುವುದು ಇದಕ್ಕೇ: ಒಂದು ಊರು ಕಷ್ಟಪಟ್ಟು ಕಲಿತದ್ದು ಇನ್ನೊಂದು ಊರಿಗೆ ಕಷ್ಟ ಬರುವ ಮೊದಲೇ ತಲುಪಲಿ ಎಂದು. ಆ ಪಾಠವನ್ನು ಇಲ್ಲಿಗೆ ಹೊತ್ತು ತಂದು, ಬೇಸಿಗೆ ಹುಟ್ಟುವ ಮೊದಲೇ ವಾರ್ಡ್ ವಾರ್ಡಿನಲ್ಲಿ ಕೂತು ಹೇಳಬೇಕಾದ ಕಾರ್ಪೊರೇಟರ್ ನಮಗಿರಲಿಲ್ಲ.

ಈ ಬಗೆಯ ಕೂಟ ನಮ್ಮ ನೆಲಕ್ಕೆ ಹೊಸದೂ ಅಲ್ಲ. ಸಾವಿರ ವರ್ಷದ ಹಿಂದೆ ಅಯ್ಯಾವೊಳೆಯ ಐನೂರ್ವರು, ಅಂದರೆ ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆಯ ಹೆಸರು ಹೊತ್ತ ವರ್ತಕರ ಸಂಘ, ದಕ್ಷಿಣದ ಪಟ್ಟಣಗಳನ್ನು ಒಂದಕ್ಕೊಂದು ಹೆಣೆದಿತ್ತು. ಅವರ ಹೆಸರಿರುವ, ತಮಿಳಿನಲ್ಲಿ ಬರೆದ 1088ರ ಶಾಸನವೊಂದು ದೂರದ ಸುಮಾತ್ರಾದಲ್ಲಿ ಸಿಕ್ಕಿದೆ. ಅದೇ ಕಾಲದ ನಮ್ಮ ಶಾಸನಗಳಲ್ಲಿ ‘ಪಟ್ಟಣಸ್ವಾಮಿ’ ಎಂಬ ಪದ ಬರುತ್ತದೆ. ಹುಂಚದ ಪಟ್ಟಣಸ್ವಾಮಿ ನೊಕ್ಕಯ್ಯ ಸೆಟ್ಟಿಯ ಹೆಸರು ಇಂದಿಗೂ ಕಲ್ಲಿನ ಮೇಲಿದೆ. ಅವರು ಇಂದಿನ ಅರ್ಥದಲ್ಲಿ ಚುನಾಯಿತರಲ್ಲ, ನಿಜ. ಆದರೆ ಪಟ್ಟಣದ ಪರವಾಗಿ ನಿಂತು ಮಾತಾಡುವವರು ಯಾರು ಎಂದು ಕೇಳಿದರೆ ಆ ಕಾಲದವರು ಒಂದು ಹೆಸರು ಹೇಳಬಲ್ಲವರಾಗಿದ್ದರು.

2023ರ ನವೆಂಬರಿನಲ್ಲಿ ಸಿ40ಯ ನೆರವಿನಿಂದ ಬೆಂಗಳೂರಿನ ಹವಾಮಾನ ಕ್ರಿಯಾ ಯೋಜನೆ ಹೊರಬಂತು. ಏಳು ವಲಯ, 266 ಕ್ರಮಗಳು, 2050ರ ಹೊತ್ತಿಗೆ ಇಂಗಾಲದ ನಿವ್ವಳ ಹೊರಸೂಸುವಿಕೆ ಶೂನ್ಯಕ್ಕೆ ಇಳಿಯಬೇಕೆಂಬ ಗುರಿ. ಓದಿದಾಗ ನನಗೆ ಹೆಮ್ಮೆಯೇ ಆಯಿತು, ಮರುಗಳಿಗೆಯಲ್ಲೇ ಅಳುಕೂ ಆಯಿತು. ಆ ಯೋಜನೆಯ ಮೇಲೆ ಚರ್ಚೆ ಮಾಡಲು ಆಗ ಪಾಲಿಕೆಯಲ್ಲಿ ಒಬ್ಬ ಸದಸ್ಯನೂ ಇರಲಿಲ್ಲ. ಎರಡೇ ವರ್ಷದಲ್ಲಿ, 2025ರ ಸೆಪ್ಟೆಂಬರಿನಲ್ಲಿ, ಆ ಮಾತು ಕೊಟ್ಟ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೇ (ಬಿಬಿಎಂಪಿ) ಇಲ್ಲವಾಯಿತು. ಈಗಿರುವುದು ಐದು ಪಾಲಿಕೆಗಳು, ಅವುಗಳ ಮೇಲೆ ನಿಮ್ಮ ಅಧ್ಯಕ್ಷತೆಯ ಪ್ರಾಧಿಕಾರ. 266 ಕ್ರಮಗಳಲ್ಲಿ ಯಾವುದು ಯಾರ ಹೆಗಲಿಗೆ?

ಈ ಪ್ರಾಧಿಕಾರವನ್ನು ತಂದ ಹೊಸ ಕಾಯ್ದೆಯಲ್ಲಿ ಒಳ್ಳೆಯದೂ ಇದೆ. ಅದರಲ್ಲಿ ಮೇಯರ್ ಅವಧಿ 30 ತಿಂಗಳು. ಒಂದೇ ವರ್ಷದ ಮೇಯರ್ ಹಾರ ತುರಾಯಿ ಮುಗಿಸುವಷ್ಟರಲ್ಲಿ ಇಳಿಯುವ ದಿನ ಬಂದಿರುತ್ತಿತ್ತು. ಆದರೆ ಐದು ಪಾಲಿಕೆಗೆ ಐವರು ಮೇಯರ್‌ಗಳಾದರೆ, ಇಡೀ ಬೆಂಗಳೂರಿನ ಹೆಸರಿನಲ್ಲಿ ಹೊರಗಿನ ಮೇಜಿಗೆ ಹೋಗುವವರು ಯಾರು? ಇಡೀ ರಾಜ್ಯ ಆರಿಸಿದ ಮುಖ್ಯಮಂತ್ರಿಗಳಾಗಿ ನೀವು ಬೀದರಿಗೂ ಚಾಮರಾಜನಗರಕ್ಕೂ ಸಲ್ಲಬೇಕು. ಬೆಂಗಳೂರಿನ ಚರಂಡಿಯ ಹೂಳು, ಮಾರ್ಕೆಟ್ಟಿನ ಬಿಸಿಲು, ಬಸ್ ನಿಲ್ದಾಣದ ನೆರಳು ಇವನ್ನೇ ಹಗಲೂ ರಾತ್ರಿ ತಲೆಯಲ್ಲಿ ಹೊತ್ತವರು ಆ ಕುರ್ಚಿಯಲ್ಲಿರಬೇಕು. ಫ್ರೀಟೌನಿನಲ್ಲಿ 2021ರಲ್ಲಿ ಬಿಸಿಲಿನ ತಾಪದ ಮೇಲೆ ನಿಗಾ ಇಡಲೆಂದೇ ಒಬ್ಬ ಅಧಿಕಾರಿಯನ್ನು ನೇಮಿಸಿದರು, ಬಯಲು ಸಂತೆಗಳಲ್ಲಿ ಕೂತು ಮಾರುವ ಹೆಂಗಸರಿಗೆ ನೆರಳಿನ ಚಪ್ಪರ ಹಾಕಿಸಿದರು. ನಮ್ಮ ಕೆ.ಆರ್. ಮಾರ್ಕೆಟ್ಟಿನ ಹೊರಗೆ ಹೂವಿನ ರಾಶಿ ಇಟ್ಟುಕೊಂಡು ಕೂತವರನ್ನು ಕಂಡಾಗಲೆಲ್ಲ ನನಗೆ ಆ ಚಪ್ಪರ ನೆನಪಾಗುತ್ತದೆ.

ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಮಿನ್ಸ್ಕ್ ಸ್ಕ್ವೇರ್ ಇದೆ. ಬೆಲಾರಸ್ ದೇಶದ ರಾಜಧಾನಿ ಮಿನ್ಸ್ಕ್ ಬೆಂಗಳೂರಿಗೆ ಸೋದರ ನಗರವಾದದ್ದರ ಗುರುತು ಅದು. ಈಗ ಅಲ್ಲಿ ಸಿಗ್ನಲ್‌ಗೆ ಕಾಯುವವರಲ್ಲಿ ಎಷ್ಟು ಜನಕ್ಕೆ ಆ ನಂಟು ಗೊತ್ತು? ಸಿ40ಯ ನಂಟೂ ಹೀಗೆ ಹೆಸರಿಗಷ್ಟೇ ಉಳಿಯುವುದು ಬೇಡ.

ಕಾಯ್ದೆಯ ಪ್ರಕಾರ ಮೇಯರ್‌ಗಳು ನಿಮ್ಮ ಪ್ರಾಧಿಕಾರದ ಸದಸ್ಯರು. ಸಿ40ಯ ಆ ಕುರ್ಚಿಯನ್ನು ಅವರಿಗೆ ಸರದಿಯಂತೆ ಬಿಟ್ಟುಕೊಡಿ. ಹೋಗಿ ಬಂದವರು ಏನು ಮಾತು ಕೊಟ್ಟರು, ಏನು ಕಲಿತು ಬಂದರು ಎಂಬುದನ್ನು ತಿಂಗಳೊಳಗೆ ಪಾಲಿಕೆ ಸಭೆಯಲ್ಲಿ ಕನ್ನಡದಲ್ಲಿ ಮಂಡಿಸಲಿ, ಸದಸ್ಯರು ಪ್ರಶ್ನೆ ಕೇಳಲಿ. 266 ಕ್ರಮಗಳನ್ನು ಐದು ಪಾಲಿಕೆಗಳಿಗೆ ಹಂಚಿ, ಪ್ರತಿಯೊಂದರ ಎದುರು ಹೊಣೆ ಹೊತ್ತವರ ಹೆಸರು ಬರೆಸಿ, ವಾರ್ಡ್ ಕಚೇರಿಯ ಗೋಡೆಗೆ ಅಂಟಿಸಿ. ನನ್ನ ವಾರ್ಡಿನ ಪಟ್ಟಿ ಓದಲು ಮೊದಲು ಹೋಗುವವರಲ್ಲಿ ನಾನೂ ಒಬ್ಬ.

ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ನಿವಾಸಿ