ಕೆರೆಯ ಊರಿಗೆ ಬಾಯಿಲ್ಲವೆ?

ಬೇತಮಂಗಲವೆಂದರೆ ಚಿನ್ನದ ಗಣಿಗೆ ನೀರು ಕೊಟ್ಟ ಕೆರೆ. ನಮ್ಮವರ ಪಾಲಿಗೆ ಊರಿನ ಚರಿತ್ರೆ ಅಷ್ಟಕ್ಕೇ ಮುಗಿಯಿತು! ಗಣಿಯೇನೋ 2001ರಲ್ಲಿ ಮುಚ್ಚಿತು. ಪಾಲಾರ್ ದಂಡೆಯ ಈ ಊರಾದರೋ ಗಣಿ ಕಂಪನಿಗಳು ಕಾಲಿಡುವುದಕ್ಕೆ ಎಷ್ಟೋ ಶತಮಾನ ಮೊದಲೇ ವಿಜಯಾದಿತ್ಯಮಂಗಲವೆನಿಸಿತ್ತು. ಕೋಲಾರ ಸೀಮೆಯ ಶಾಸನಗಳನ್ನು ರೈಸ್ ಸಾಹೇಬರು 1905ರಲ್ಲೇ ಅಚ್ಚು ಹಾಕಿಸಿದರು. ಊರಿನಲ್ಲಿ ಓದಿದವರೆಷ್ಟು ಮಂದಿ?

ಓದದವರಿಗೂ ಕಿವಿಯುಂಟು. ಇದೇ ಸೀಮೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ಯ ಹಳ್ಳಿಗರು, ಬಾನುಲಿಗೆ ಪರವಾನಗಿ ಸಿಗದ ಕಾಲದಲ್ಲಿ, ಕೇಬಲ್ ತಂತಿಯಲ್ಲೇ ತಮ್ಮ ದನಿಯನ್ನು ಮನೆಗಳಿಗೆ ಮುಟ್ಟಿಸಿದರು. ವಾಯುತರಂಗ ಸಾರ್ವಜನಿಕ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯ ಸಾರಿದ್ದು 1995ರಲ್ಲಿ. ಸೇವಾಸಂಸ್ಥೆಗಳಿಗೆ ಸರ್ಕಾರ ಬಾಗಿಲು ತೆರೆದದ್ದು 2006ರಲ್ಲಿ!

ಸಮುದಾಯ ಬಾನುಲಿಗೆ ಬೆಳೆಯ ಸಲಹೆ, ಆರೋಗ್ಯದ ಬುದ್ಧಿವಾದ ಸಾಕೆನ್ನುವವರಿದ್ದಾರೆ. ಸಾಲದು ಸ್ವಾಮಿ! ತೂಬು ಎತ್ತಿದ ನೀರುಗಂಟಿ, ಗಣಿಗಿಳಿದವನ ಹೆಂಡತಿ, ಸಂತೆಯ ಮುದುಕ—ಇವರ ಕನ್ನಡ, ತೆಲುಗು, ತಮಿಳು ಮಾತೂ ಚರಿತ್ರೆಯೇ. ಶಾಸನದ ಕಲ್ಲು ಇನ್ನಷ್ಟು ಕಾಲ ಕಾದೀತು. ಎಂಬತ್ತು ದಾಟಿದ ಅಜ್ಜಿ ಕಾಯಲಾರಳು. ಆಕೆಯ ಮಾತನ್ನು ಇಂದೇ ಮುದ್ರಿಸಿ, ಬಿತ್ತರಿಸಿ, ಜೋಪಾನವಾಗಿಡಿ.

ನೀರು ಕೊಟ್ಟ ಊರಿಗೆ ನಾವು ಕಿವಿಯನ್ನಾದರೂ ಕೊಡಬೇಡವೆ?