ದುಡಿಯುವವರ ಮಾತು ಅಚ್ಚಾದಾಗ

ಕನ್ನಡ ಪತ್ರಿಕಾ ಚರಿತ್ರೆಯ ಪಾಠವು 1843ರ ‘ಮಂಗಳೂರು ಸಮಾಚಾರ’ದಿಂದ ಆರಂಭವಾಗುತ್ತದೆ. ಮೊದಲ ಪತ್ರಿಕೆ ಯಾವುದು, ಸಂಪಾದಕರು ಯಾರು ಎಂಬುದಕ್ಕೆ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಲ್ಲಿ ಸಿದ್ಧ ಉತ್ತರವಿರುತ್ತದೆ. ದುಡಿಯುವ ಜನ ತಮ್ಮ ಮಾತನ್ನು ಅಚ್ಚಿನಲ್ಲಿ ಕಂಡದ್ದು ಎಲ್ಲಿ ಎಂಬ ಪ್ರಶ್ನೆ ಮಾತ್ರ ತರಗತಿಯಲ್ಲಿ ಏಳುವುದೇ ಅಪರೂಪ.

ಈ ಪ್ರಶ್ನೆಗೆ ನೆರೆಯ ಮರಾಠಿಯಲ್ಲಿ ಒಂದು ಉತ್ತರವಿದೆ. ಜ್ಯೋತಿರಾವ್ ಫುಲೆಯವರ ಸತ್ಯಶೋಧಕ ಸಮಾಜದ ಕೃಷ್ಣರಾವ್ ಭಾಲೇಕರ್ 1877ರಲ್ಲಿ ಪುಣೆಯಲ್ಲಿ ‘ದೀನಬಂಧು’ ವಾರಪತ್ರಿಕೆಯನ್ನು ಆರಂಭಿಸಿದರು. 1880ರಲ್ಲಿ ಅದು ನಾರಾಯಣ ಮೇಘಾಜಿ ಲೋಖಂಡೆಯವರ ಕೈಸೇರಿ ಮುಂಬಯಿಯ ಗಿರಣಿ ಕಾರ್ಮಿಕರ ದನಿಯಾಯಿತು. 1884ರಲ್ಲಿ ಸುಮಾರು 5,500 ಕಾರ್ಮಿಕರು ಸಹಿ ಹಾಕಿದ ಮನವಿಯೊಂದು ಸಿದ್ಧವಾಯಿತು. ಭಾನುವಾರದ ರಜೆ, ಮಧ್ಯಾಹ್ನ ಅರ್ಧ ಗಂಟೆಯ ಬಿಡುವು, ತಡವಿಲ್ಲದ ಸಂಬಳ, ಗಾಯಗೊಂಡವರಿಗೆ ಪರಿಹಾರ: ಅವರು ಕೇಳಿದ್ದು ಇಷ್ಟು. ವಾರದ ರಜೆ ದೊರೆಯಲು 1890ರವರೆಗೆ ಕಾಯಬೇಕಾಯಿತು.

ಆ ಪತ್ರಿಕೆಗೂ ಅಳುಕು ಇಲ್ಲದಿರಲಿಲ್ಲ. ಫುಲೆಯವರು 1883ರಲ್ಲಿ ಬರೆದ ‘ಶೇತಕರ್ಯಾಚಾ ಆಸೂಡ’, ಅಂದರೆ ‘ರೈತನ ಚಾಟಿ’, ಕೃತಿಯ ಮೊದಲ ಎರಡು ಅಧ್ಯಾಯಗಳನ್ನು ಪ್ರಕಟಿಸಿ ಉಳಿದುದನ್ನು ಅದು ಕೈಬಿಟ್ಟಿತು. ತಮ್ಮವರೇ ಆದ ಸಂಪಾದಕರ ಈ ಹೇಡಿತನಕ್ಕೆ ಫುಲೆಯವರು ನೊಂದುಕೊಂಡರು. ದುಡಿಯುವವರ ಪತ್ರಿಕೆ ಎಂಬ ಹೆಸರೊಂದೇ ಧೈರ್ಯವನ್ನು ಕೊಡಲಾರದು. ಪ್ರತಿ ಸಂಚಿಕೆಯಲ್ಲಿಯೂ ಅದನ್ನು ಹೊಸದಾಗಿ ಗಳಿಸಬೇಕಾಗುತ್ತದೆ.

ಮರಾಠಿ ಬಹುಸಂಖ್ಯಾತರ ನುಡಿಯಾದ್ದರಿಂದ ಇದೆಲ್ಲ ಸಾಧ್ಯವಾಯಿತು ಎನ್ನುವವರೂ ಉಂಟು. ಫಿನ್‌ಲೆಂಡಿನಲ್ಲಿ ಸ್ವೀಡಿಷ್ ಅಲ್ಪಸಂಖ್ಯಾತರ ನುಡಿ. ಆದರೂ ಅಲ್ಲಿಯ ಸೋಷಿಯಲ್ ಡೆಮಾಕ್ರಟರು 1919ರಲ್ಲಿ ಆ ನುಡಿಯಲ್ಲಿಯೇ ‘ಅರ್ಬೇತಾರ್‌ಬ್ಲಾದೆತ್’, ಅಂದರೆ ಕಾರ್ಮಿಕರ ಪತ್ರಿಕೆಯನ್ನು, ಹೊರತಂದರು. ಕೂಲಿಯ ಲೆಕ್ಕವನ್ನು ಮನೆಮಾತಿನಲ್ಲಿ ಓದಿದವನಿಗೆ ತನ್ನ ಹಕ್ಕು ಬೇಗ ಅರ್ಥವಾಗುತ್ತದೆ.

ತಮಿಳುನಾಡಿನ ಹರೂರಿನ ಕನ್ನಡ ಮನೆಗಳ ಸ್ಥಿತಿಯೂ ಇದಕ್ಕೆ ದೂರದ್ದಲ್ಲ. ಅಲ್ಲಿ ಕನ್ನಡ ಒಲೆಯ ಮುಂದಿನ ಮಾತು. ಶಾಲೆ, ಕಚೇರಿಗಳದು ತಮಿಳು. ಗಡಿನಾಡ ಕನ್ನಡದ ಪ್ರಸ್ತಾಪ ಬಂದಾಗ ನಮ್ಮ ವೇದಿಕೆಗಳು ಶಾಸನ, ಕಾವ್ಯ, ಅಭಿಮಾನಗಳ ಕುರಿತು ಮಾತನಾಡುತ್ತವೆ. ಹೊಲದಲ್ಲಿ, ಕಟ್ಟಡದ ಸಾರುವೆಯ ಮೇಲೆ ದುಡಿಯುವವನ ಕನ್ನಡ ಆ ಮಾತುಗಳ ನಡುವೆ ಕೇಳಿಸುವುದಿಲ್ಲ. ಹಬ್ಬದ ದಿನ ಮಾತ್ರ ನೆನಪಾಗುವ ನುಡಿ ಬಹುಕಾಲ ಬಾಳಲಾರದು.

ಆದ್ದರಿಂದ ಪತ್ರಿಕಾ ಚರಿತ್ರೆಯನ್ನು ಓದುವ ವಿದ್ಯಾರ್ಥಿಗಳು ಇಸವಿ ಮತ್ತು ಸಂಪಾದಕರ ಹೆಸರುಗಳೊಂದಿಗೆ ಇನ್ನೊಂದು ಪ್ರಶ್ನೆಯನ್ನೂ ಬರೆದುಕೊಳ್ಳಲಿ: ಈ ಪುಟದಲ್ಲಿ ಯಾರ ಸಂಬಳದ ಸುದ್ದಿ ಇದೆ, ಯಾರದು ಇಲ್ಲ?